ರಾಗಿ ಕೊಯ್ಲಿಗೆ ಸಿಕ್ಕ ಒಂದು ದಿನ

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯವರೆಲ್ಲ ಕುಂತೂರು ಸುತ್ತಿನ ಗದ್ದೆಗಳಲ್ಲಿ ಕಬ್ಬು ಕಡಿಯುತ್ತಿದ್ದೆವು. ಅಜ್ಜೀಪುರದ ಪಕ್ಕದ ನಮ್ಮೂರಿನಲ್ಲಿ ಇದ್ದದ್ದು ಮಳೆ ನಂಬಿದ ಹೊಲ. ಅದರ ರಾಗಿ ಊಟಕ್ಕಾಗುತ್ತಿತ್ತು, ಮಿಕ್ಕಿದ್ದಕ್ಕೆಲ್ಲ ಕೂಲಿಯೇ ಗತಿ. ಅಪ್ಪ ಕಡಿಯುತ್ತಿದ್ದರು, ಅವ್ವ ಸೋಗೆ ಸುಲಿಯುತ್ತಿದ್ದಳು, ನಾನು ಲಾರಿಗೆ ತುಂಬಲು ಕಂತೆ ಕಟ್ಟುತ್ತಿದ್ದೆ.

ಒಂದು ವರ್ಷ ಕಡಿತ ಜೋರಾಗಿದ್ದಾಗಲೇ ಊರಿನಲ್ಲಿ ರಾಗಿ ಹಣ್ಣಾಯಿತು. ಮೋಡ ಕಟ್ಟಿತ್ತು. ನೆಂದರೆ ತೆನೆಯಲ್ಲೇ ಮೊಳಕೆ ಬರುತ್ತದೆ. ಅಪ್ಪ ಮೇಸ್ತ್ರಿಯನ್ನು ರಜೆ ಕೇಳಿದರು.

“ನಾಳೆ ಒಂದಿನ ಓಗು. ನಾಳಿದ್ದು ಬೆಳಿಗ್ಗೆ ಬರ್ನಿಲ್ಲ ಅಂದ್ರೆ ನಿನ್ ಸಾಲು ಬ್ಯಾರೇರ್ಗೆ ಕಣ್ಲಾ,” ಎಂದರು ಮೇಸ್ತ್ರಿ.

ಮೂವರು ಒಂದು ದಿನದಲ್ಲಿ ಮುಗಿಸುವ ಹೊಲವಲ್ಲ. ಆದರೆ ಕುಂತೂರಿಗೆ ಹೊರಡುವ ಮೊದಲು ಅವ್ವ ನೆರೆಯವರ ಹೊಲಗಳಲ್ಲಿ ಕೂಲಿ ಪಡೆಯದೆ ಕಳೆ ಕಿತ್ತಿದ್ದಳು. ಇದು ಮುಯ್ಯಾಳು: ನಿಮ್ಮ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ನೀವು. ಅವರು ಬರುತ್ತಾರೆಂದು ಅವ್ವನಿಗೆ ನಂಬಿಕೆ. ಅವರವರ ಕೊಯ್ಲೇ ಇರುವಾಗ ಯಾರು ಬರುತ್ತಾರೆ ಎಂದು ಅಪ್ಪ.

ಸಂಜೆಯ ಬಸ್ಸಿಗೆ ಊರು ಸೇರಿದೊಡನೆ ಅವ್ವ ಮನೆಮನೆಗೆ ಹೋಗಿ ಹೇಳಿಬಂದಳು. ಬೆಳಿಗ್ಗೆ ನಾವು ಹೊಲ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಅತ್ತೆ ಐದಾರು ಹೆಂಗಸರೊಂದಿಗೆ ಕೊಯ್ಲು ಹಿಡಿದಿದ್ದರು.

ಅಪ್ಪ ಹುರುಪಿನಿಂದ ಕುಡುಗೋಲು ಹಿಡಿದು ನುಗ್ಗಿದರು. ಕಬ್ಬಿನ ಗದ್ದೆಯಲ್ಲಿ ಬುಡದವರೆಗೆ ಕಡಿಯಬೇಕು, ಏನೂ ನಿಲ್ಲುವಂತಿಲ್ಲ. ರಾಗಿ ಹೊಲ ಹಾಗಲ್ಲ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಇರುತ್ತದೆ. ರಾಗಿ ಕೊಯ್ದ ಮೇಲೂ ಅದು ನಿಂತು ಕಾಯಿ ಬಲಿಯಬೇಕು. ಅಪ್ಪನ ಕೈ ಅದನ್ನು ಮರೆತಿತ್ತು.

“ನಿಲ್ಸಣ್ಣೋ! ಅವರೆ ಎಲ್ಲಾ ಮಲಗುಸ್ಬುಟ್ಟಲ್ಲ!” ಅತ್ತೆ ಕೂಗುವಷ್ಟರಲ್ಲಿ ಅರ್ಧ ಸಾಲು ನೆಲಕ್ಕೆ ಬಿದ್ದಿತ್ತು. “ಇದೇನು ಕುಂತೂರ್ ಗದ್ದೆಯಾ? ಲಾರಿ ತರ್ಸನಾ, ತುಂಬ್ಕಂಡ್ ಓಗಕೆ?”

ಹೆಂಗಸರೆಲ್ಲ ನಕ್ಕರು. ಅವ್ವ ನಗಲಿಲ್ಲ. “ಕುಡ್ಲು ಇಲ್ ಕೊಡಿ. ನೀವು ಒರೆ ಒತ್ಕಂಡ್ ಓಗಿ,” ಎಂದಳು. ಅಪ್ಪ ಕುಡುಗೋಲು ಕೊಟ್ಟು, ದಿನವಿಡೀ ರಾಗಿ ಹೊರೆ ಹೊತ್ತರು. ಹೊತ್ತು ಮುಳುಗುವ ಮುಂಚೆ ಮೆದೆ ಒಟ್ಟಿ ಹುಲ್ಲು ಹೊದಿಸಿದ್ದಾಯಿತು.

ಮರುದಿನ ಮೊದಲ ಬಸ್ಸು ಹನೂರು ದಾಟುವಾಗ ಮಳೆ ಹಿಡಿಯಿತು. ನೆನೆದುಕೊಂಡೇ ಕುಂತೂರಿನ ಗದ್ದೆಗೆ ಓಡಿದರೆ ಅಲ್ಲಿ ಒಬ್ಬರೂ ಇಳಿದಿರಲಿಲ್ಲ. ಮೇಸ್ತ್ರಿ ಗುಡಿಸಲ ಬಾಗಿಲಲ್ಲಿ ಬೀಡಿ ಸೇದುತ್ತಿದ್ದರು.

“ನಿನ್ ಸಾಲು ಅಂಗೇ ಅದೆ ಕಣ್ಲಾ. ಈ ಕೆಸ್ರಲ್ಲಿ ಯಾವ್ ಲಾರಿ ಬಂದದು? ಓಗು, ಮನಿಕೊ.”

ಅಪ್ಪ ಒದ್ದೆ ಟವೆಲ್ ಹಿಂಡಿ ನಮ್ಮ ಗುಡಿಸಲಿನ ಗಳಕ್ಕೆ ಹಾಕಿದರು. ಮಧ್ಯಾಹ್ನದವರೆಗೂ ಗೊರಕೆ ಹೊಡೆದರು.