ಗ್ರಹಣವಿಲ್ಲದ ದಿನ ನಿಂತ ಒನಕೆ

ಇಳಕಲ್ಲಿನ ನಮ್ಮ ಮನೆಯಲ್ಲಿ ಗ್ರಹಣ ಹಿಡಿದ ಕೂಡಲೇ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಪರಾತವೆಂಬ ಅಗಲ ಹಿತ್ತಾಳೆ ತಟ್ಟೆಯಲ್ಲಿ ನೀರು ಹಾಕಿ ನಡುವೆ ಒನಕೆ ನಿಲ್ಲಿಸುತ್ತಿದ್ದಳು. ಆಸರೆಯಿಲ್ಲದೆ ಅದು ನೆಟ್ಟಗೆ ನಿಲ್ಲುತ್ತಿತ್ತು. ಗ್ರಹಣದ ಬಲವೇ ಅದನ್ನು ಹಿಡಿದಿರುತ್ತದೆ, ಗ್ರಹಣ ಬಿಟ್ಟ ಮೇಲೆ ನಿಲ್ಲುವುದಿಲ್ಲ ಎಂದು ಓಣಿಯೆಲ್ಲ ನಂಬಿತ್ತು.

ನಾನಾಗ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ರಜೆಗೆ ಬಂದಾಗ ಸೂರ್ಯಗ್ರಹಣವಾಯಿತು. ಹೊಸದಾಗಿ ಕಲಿತ ಸೈನ್ಸು ನಾಲಿಗೆಯ ತುದಿಯಲ್ಲೇ ಇತ್ತು.

“ಆಯಿ, ಒನಕಿ ಯಾವತ್ತಿದ್ರೂ ನಿಲ್ತೈತಿ. ಬುಡಕ್ಕ ಹಾಕಿದ ಕಬ್ಬಿಣದ ಬಳೆ ಸಪಾಟ ಐತಿ. ಸೆಂಟರ್ ಆಫ್ ಗ್ರ್ಯಾವಿಟಿ ನಡುವ ಬಂದ್ರ ಸಾಕು.”

ಆಯಿ ಅಪ್ಪನ ಕಡೆ ತಿರುಗಿದಳು. “ಕೇಳಿದೇನಪಾ? ಇದನ್ನ ಕಲೀಲಿಕ್ಕೆ ರೈಲ್ ಹತ್ತಿಸಿ ಕಳಸ್ತೀ ಮಗಳನ್ನ. ನಾಳೆ ಗ್ರಹಣ ಇರಂಗಿಲ್ಲ, ನಿಲ್ಲಸ್ಲಿ. ನಿಂತ್ರ ಸಾಲಿಗೆ ಹೋಗ್ಲಿ, ಬಿದ್ರ ಇಲ್ಲೇ ಇರ್ಲಿ.”

ಅಪ್ಪ ತಾಯಿಯ ಮಾತು ಮೀರಿದವನಲ್ಲ.

ಮರುದಿನ ಪಡಸಾಲೆಯಲ್ಲಿ ಅದೇ ಪರಾತಕ್ಕೆ ನೀರು ಹಾಕಿ ನನ್ನ ಎಕ್ಸ್‌ಪೆರಿಮೆಂಟ್ ಶುರುವಾಯಿತು. ಕೈ ಬಿಟ್ಟರೆ ಒನಕೆ ಒಮ್ಮೆ ಗೋಡೆಗೆ, ಒಮ್ಮೆ ಜೋಳದ ಚೀಲದ ಮೇಲೆ. ಥಿಯರಿ ಸರಿಯಿತ್ತು, ಕೈ ಪಳಗಿರಲಿಲ್ಲ. ಬೋರ್ಡಿಂಗಿನ ಪಿಯಾನೊ, ಗೆಳತಿಯರು, ಕಿಟಕಿಯ ಪಕ್ಕದ ನನ್ನ ಡೆಸ್ಕು, ಎಲ್ಲವೂ ಅದರ ಜೊತೆ ಬಿದ್ದಂತೆನಿಸಿ ಕಣ್ಣು ತುಂಬಿ ಬಂತು.

ರೊಟ್ಟಿ ಬಡಿಯುತ್ತಿದ್ದ ಆಯಿಗೆ ನೋಡಿ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಂದು ಒನಕೆಯನ್ನು ತಾನೇ ಹಿಡಿದಳು.

“ಒನಕಿ ಹಿಡಿಯೂ ರೀತಿ ಏನ ಇದು, ಹುಚ್ಚಿ? ಅದರ ಕುತಗಿ ಹಿಚಕಬ್ಯಾಡ. ಬೆರಳಿನ ತುದೀಲೆ ಹಿಡಿ. ಯಾಕಡೆ ವಾಲ್ತೈತಿ ನೋಡ್ಕೊ. ಈಗ ಬಿಡು, ಹಿಂಗ.”

ಬಿಟ್ಟಳು. ಒನಕೆ ನಿಂತಿತು.

ಆಯಿ ಒನಕೆಯನ್ನು ನೋಡಿದಳು. ಅಂಗಳದ ನಿಚ್ಚಳ ಬಿಸಿಲನ್ನು ನೋಡಿದಳು.

“ಎಲ್ಲ್ಯರ ಒಂದ್ ಕಡೆ ಗ್ರಹಣ ನಡದಿರಬೇಕು,” ಎಂದಳು.

“ರೊಟ್ಟಿ ಹೊತ್ತಾಕತ್ತೈತಿ ಅವ್ವಾ,” ಎಂದ ಅಪ್ಪ, ನಗುವನ್ನು ಮೀಸೆಯಲ್ಲಿ ಅಡಗಿಸಿಕೊಂಡು.

ಮಧ್ಯಾಹ್ನ ಆಯಿ ನೀರು ಚೆಲ್ಲಿ ಬರಿ ಪರಾತದಲ್ಲಿ ನಿಲ್ಲಿಸಿದಳು. ಸಂಜೆ ಹಾಸುಗಲ್ಲಿನ ಮೇಲೆ. ನೆರೆಮನೆಯ ಒನಕೆಯನ್ನೂ ತರಿಸಿ ಪರೀಕ್ಷಿಸಿದಳು. ಕಾನ್ವೆಂಟಿನ ಸಿಸ್ಟರ್ ನಮಗೆ ಹೇಳಿಕೊಟ್ಟ ಸೈಂಟಿಫಿಕ್ ಮೆಥಡ್ಡನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಅಂದು.

ಊಟಕ್ಕೆ ಕೂತಾಗ, “ನಿಲ್ಲಿಸಿದಾಕಿ ನಾ, ನೀ ಅಲ್ಲ,” ಎಂದಳು. ಎತ್ತಿದ ತುತ್ತನ್ನು ನಾನು ತಟ್ಟೆಗೆ ಹಾಕಿದೆ. “ಆದ್ರ ಮಾತು ನಿಂದ ಖರೆ ಆತು. ಹೋಗು.”

ಬಾಗಲಕೋಟೆಯ ರೈಲಿಗೆಂದು ಚಕ್ಕಡಿ ಹೊರಟಾಗ ಅಮೀನಗಡದ ಕರದಂಟನ್ನು ನನ್ನ ಮಡಿಲಿಗಿಟ್ಟು ಕೇಳಿದಳು: “ಹಂಗಾರ ಗ್ರಹಣದಾಗ ನಿಲ್ಲಿಸಬೇಕಂತ ಮೊದಲ ಯಾವಾಕಿಗೆ ಹೊಳೀತು? ನಿಮ್ಮ ಸಿಸ್ಟರ್‌ನ್ನ ಕೇಳ್ಕೊಂಡ್ ಬಾ.”

ಸಿಸ್ಟರ್‌ಗೆ ಗೊತ್ತಿರಲಿಲ್ಲ. ಲೈಬ್ರರಿಯ ಪುಸ್ತಕಗಳಲ್ಲೂ ಸಿಗಲಿಲ್ಲ. ಕ್ರಿಸ್‌ಮಸ್ ರಜೆಗೆ ಬಂದು ಹಾಗೆಂದೇ ಹೇಳಿದೆ.

“ಅಂದ್ರ ಇನ್ನೂ ಕಲಿಯೂದೈತಿ,” ಎಂದಳು ಆಯಿ, ಅಪ್ಪನಿಗೂ ಕೇಳಿಸುವಂತೆ. ಆಮೇಲೆ ಪ್ರತಿ ರಜೆಯಲ್ಲೂ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಪಡೆದು, ನನ್ನನ್ನು ಮತ್ತೆ ಸಾಲೆಗೆ ಕಳಿಸುತ್ತಿದ್ದಳು.