ಆಯಿ ಇಳಿಯಗೊಡದ ಹಗೇವು

ಆಗೆಲ್ಲ ನಮ್ಮ ಕಡೆ ಜೋಳ ನೆಲದೊಳಗೆ ಇರುತ್ತಿತ್ತು. ನೇಸರಗಿಯ ನಮ್ಮ ಮನೆಯ ಅಂಗಳದಲ್ಲಿ ಎರಡಾಳು ಆಳದ ಹಗೇವು. ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷದ ಕಾಳು ಭದ್ರ. ಆ ಕಲ್ಲಿನ ಮೇಲೆ ಕುಳಿತು ನಾವು ಹುಡುಗಿಯರು ಆಣಿಕಲ್ಲಿನ ಆಟ ಆಡುತ್ತಿದ್ದೆವು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಮುಂಜಾನೆ ಅಂಗಳದ ತುಂಬ ಹುಳಿ ವಾಸನೆ. ಬಸವಂತ ಕಾಕಾ ಕಲ್ಲು ಸರಿಸಿದಾಗ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಗಟಾರದ ನೀರು ಜಿನುಗಿ ತಳ ಸೇರಿತ್ತು. ಅರ್ಧ ಮಟ್ಟಕ್ಕೆ ಜೋಳ ಇತ್ತು.

"ಮ್ಯಾಲಿನ ಜ್ವಾಳ ಇನ್ನೂ ಚಲೋ ಐತಿ. ಇಳದು ಬುಟ್ಟಿ ತುಂಬಿ ಕೊಡತೇನಿ," ಎಂದು ಕಾಕಾ ಧೋತರ ಎತ್ತಿ ಕಟ್ಟಿದ.

ಅಷ್ಟರಲ್ಲಿ ಅವನ ತಾಯಿ, ನಮ್ಮ ಆಯಿ, ಕಂದೀಲು ಹಿಡಿದು ಬಂದಳು. "ತಡಿ ಬಸೂ, ಮೊದಲ ದೀಪ ಇಳೀಲಿ." ಹಗ್ಗಕ್ಕೆ ಕಟ್ಟಿ ಬಿಟ್ಟಳು. ಕಾಳು ಮುಟ್ಟುವ ಮೊದಲೇ ದೀಪ ಆರಿತು. "ದೀಪಕ್ಕ ಸಿಗದ ಉಸುರು ನಿನಗ ಸಿಗತೈತೇನು?"

"ಜ್ವಾಳ ಕೊಳ್ಯಾಕ ಹತ್ತೇತಿ ಯವ್ವಾ!"

ಆಯಿ ಹಗೇವಿನ ಬಾಯಿಗೆ ಅಡ್ಡ ಕುಳಿತಳು. "ಇಳಿಯೂದಿದ್ರ ನನ್ನ ದಾಟಿ ಇಳಿ."

ತಾಯಿಯನ್ನು ದಾಟುವ ಮಗ ನಮ್ಮ ಮನೆತನದಲ್ಲಿ ಹುಟ್ಟಿರಲಿಲ್ಲ. ಕಾಕಾ ಅಂಡು ಸುಟ್ಟ ಬೆಕ್ಕಿನಂತೆ ಅಂಗಳ ಸುತ್ತಿದ. ಮೇಲಿನಿಂದ ಕೊಡ ಬಿಟ್ಟು ತೋಡಿದರೆ ಬಂದದ್ದು ಹಿಡಿ ಕಾಳು. ನನಗೂ ಸಿಟ್ಟು. "ಬಿಡು ಆಯಿ ಅವಗ," ಎಂದು ಸೆರಗು ಜಗ್ಗಿದೆ. ಅವಳು ಅಲುಗಲಿಲ್ಲ.

ದೀಪ ಆರದೆ ಉಳಿದದ್ದು ಮೂರನೆಯ ದಿನ. ಅಷ್ಟೊತ್ತಿಗೆ ಜೋಳ ಮೊಳಕೆಯೊಡೆದು ಮುದ್ದೆಯಾಗಿತ್ತು. ದನ ಸಹ ಮೂಸಿ ಮುಖ ತಿರುವಿದವು.

ಆ ವರ್ಷ ಜೋಳ ಬೆಳೆಯುವ ನಮ್ಮ ಮನೆಗೆ ಸಂತೆಯ ಜೋಳ ಬಂತು. ಅದಕ್ಕೆ ಜಿಗಿಯೇ ಇಲ್ಲ, ರೊಟ್ಟಿಯ ಅಂಚು ಬಿರಿಯುತ್ತಿತ್ತು. ಕಾಕಾ ದಿನಾ ಚುಚ್ಚುತ್ತಿದ್ದ, "ಇದ ನೋಡ್ರಿ ನಮ್ಮವ್ವನ ದೀಪದ ರೊಟ್ಟಿ!" ಎಲ್ಲರೊಂದಿಗೆ ನಾನೂ ನಗುತ್ತಿದ್ದೆ. ಆಗಬಾರದ್ದು ಆಗದೇ ಹೋದರೆ ತಡೆದವರ ಕೈಯಲ್ಲಿ ತೋರಿಸಲು ಏನಿರುತ್ತದೆ? ಆಯಿ ತಲೆ ತಗ್ಗಿಸಿ ಮತ್ತೊಂದು ರೊಟ್ಟಿ ಬಡಿಯುತ್ತಿದ್ದಳು.

ಈಗ ಹಗೇವಿಗೆ ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಸಿದ್ದಾರೆ. ಜೋಳ ಪ್ಲಾಸ್ಟಿಕ್ ಬ್ಯಾರಲ್ಲಿನಲ್ಲಿದೆ. ಆಯಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೋದ ದೀಪಾವಳಿಗೆ ಊರಿಗೆ ಹೋದರೆ, ಎಪ್ಪತ್ತು ದಾಟಿದ ಕಾಕಾ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ರಾಗ ತೆಗೆದ: "ಅವತ್ತ ನಮ್ಮವ್ವ ಬಿಟ್ಟಿದ್ರ ಅರ್ಧಾ ಜ್ವಾಳ ಉಳೀತಿತ್ತು."

ನನ್ನ ಮೈ ಉರಿದುಹೋಯಿತು. "ಜ್ವಾಳ ಹೋತು, ಖರೆ ಕಾಕಾ. ನೀ ಉಳದೀಯಲ್ಲ!" ಎಂದೆ.

ಈ ಮಾತು ಕೇಳಬೇಕಾಗಿದ್ದವಳು ಒಲೆಯ ಮುಂದೆ ಇರಲಿಲ್ಲ.