ಅಕ್ಕನಿಗೆ ಹೇಳದೆ ಉಳಿದ ಅರ್ಧ

1979ರಲ್ಲಿ ನನ್ನ ಓದು ನಿಂತಿತು. ಏಳನೇ ಕ್ಲಾಸು. ಜೀವಕೋಶದ ಪಾಠ ಬರುವುದು ಎಂಟರಲ್ಲಂತೆ. ಒಂದೇ ವರ್ಷದಲ್ಲಿ ತಪ್ಪಿಹೋಯಿತು.

ಇಷ್ಟು ವರ್ಷ ಅದರಿಂದ ನನಗೇನೂ ನಷ್ಟವಾಗಿರಲಿಲ್ಲ. ಚನ್ನಪಟ್ಟಣದಲ್ಲಿ ಮರ ಕಡೆಯುವ ಲೇತಿನ ಮುಂದೆ ಕೂತು ಗೊಂಬೆ ಮಾಡುವವನಿಗೆ ಜೀವಕೋಶ ಯಾಕೆ? ಯಾವ ಮರ ಒಣಗಿದೆ, ಯಾವುದು ಹಸಿ, ಬಣ್ಣದ ಅರಗು ಎಷ್ಟು ಒತ್ತಿದರೆ ಹಿಡಿಯುತ್ತೆ, ಇಷ್ಟು ಗೊತ್ತಿದ್ದರೆ ಸಾಕಿತ್ತು. ನನಗೆ ಕೆಲಸ ಕಲಿಸಿದ ಸಾಬರು, "ಕೈ ಓದಿದರೆ ಸಾಕು, ಹೊಟ್ಟೆ ಪಾಸಾಗುತ್ತೆ" ಅನ್ನುತ್ತಿದ್ದರು. ಪಾಸಾಯಿತು. ಸ್ವಂತ ಕಾರ್ಖಾನೆಯೂ ಆಯಿತು. ವಾರವಾರ ಇಲ್ಲಿ ಓದುವ ನಿಮಗೆ ನನ್ನ ಜಂಬ ಹೊಸದಲ್ಲ. (ಏಳನೇ ಕ್ಲಾಸಿನವನು ಪೇಪರಿಗೆ ಬರೀತಾನೆ ಅನ್ನೋದೂ ಆ ಜಂಬದಲ್ಲಿ ಸೇರಿದೆ.)

ಈ ವಾರ ಜಂಬ ಇಲ್ಲ.

ನನ್ನ ಮೊಮ್ಮಗ ಚಿನ್ನುವಿಗೆ ನಾಲ್ಕು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಸ್ವಲ್ಪ ಓಡಿದರೆ ಸುಸ್ತಾಗಿ ಕೂತುಬಿಡುತ್ತಾನೆ. ಎಲ್ಲಿ ತಾಗಿದರೂ ಮೈಯಲ್ಲಿ ನೀಲಿ ಕಲೆ. ಜಂತುಹುಳಕ್ಕೆ ಔಷಧಿ ಕುಡಿಸಿದೆವು. ದೃಷ್ಟಿ ತೆಗೆಸಿದೆವು. ತಾಯಿತ ಕಟ್ಟಿಸಿದೆವು. ಕಡೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ. ಹೋದ ವಾರ ರಿಪೋರ್ಟ್ ಬಂತು. ಕಾಯಿಲೆಗೆ ಒಂದು ಇಂಗ್ಲಿಷ್ ಹೆಸರು. ನನ್ನ ನಾಲಿಗೆ ಅದಕ್ಕೆ ಹೊರಳಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನನ್ನು, ಮಗ ರವಿಯನ್ನು, ಸೊಸೆ ಸವಿತಳನ್ನು ಎದುರಿಗೆ ಕೂರಿಸಿಕೊಂಡು, ಒಂದು ಹಾಳೆಯ ಮೇಲೆ ದುಂಡಗೆ ಚಿತ್ರ ಬರೆದರು.

"ಯಜಮಾನ್ರೇ, ಇದು ಜೀವಕೋಶ. ಸುತ್ತ ತೆಳ್ಳನೆ ಪೊರೆ. ಇದಕ್ಕೆ ಬಾಯಿಲ್ಲ. ಏನಾದ್ರೂ ತಿನ್ನಬೇಕಾದ್ರೆ ಪೊರೆ ಒಳಕ್ಕೆ ಗುಳಿ ಬೀಳುತ್ತೆ. ತಿನ್ನೋದನ್ನ ಸುತ್ಕೊಂಡು, ಸಣ್ಣ ಚೀಲ ಆಗಿ ಒಳಗೆ ಬಂದುಬಿಡುತ್ತೆ. ಒಳಗೆ ಇನ್ನೊಂದು ಥರದ ಚೀಲ ಇರುತ್ತೆ, ಅದರ ತುಂಬಾ ಜೀರ್ಣರಸ. ಎರಡು ಚೀಲ ಕೂಡಿಕೊಂಡ್ರೆ ತಿಂದದ್ದು ಕರಗುತ್ತೆ. ಬೇಕಾದ್ದು ಕೋಶ ಇಟ್ಕೊಳ್ಳುತ್ತೆ. ಉಳಿದ ಕಸದ ಚೀಲ ಅಂಚಿಗೆ ಹೋಗಿ, ಪೊರೆಗೆ ಅಂಟಿ, ಬಾಯಿ ಬಿಚ್ಚಿ ಹೊರಗೆ ಸುರಿಯುತ್ತೆ."

ಕೋಶ ತಾನೇ ತಯಾರಿಸಿದ ಮಾಲನ್ನು ಹೊರಗೆ ಕಳಿಸುವುದೂ ಹೀಗೆ ಚೀಲದಲ್ಲೇ ಅಂತೆ.

"ನಮ್ಮ ಕಾರ್ಖಾನೆ ಥರ" ಅಂದೆ.

ಸುಳ್ಳಲ್ಲ. ನಮ್ಮಲ್ಲಿ ಮುಂಬಾಗಿಲಿಂದ ಮರ ಬರುತ್ತೆ. ಲೇತಿಗೆ ಕೊಟ್ಟರೆ ಗೊಂಬೆ ಒಂದು ಕಡೆ, ಮರದ ಹೊಟ್ಟು ಒಂದು ಕಡೆ. ಗೊಂಬೆ ಡಬ್ಬಕ್ಕೆ, ಹೊಟ್ಟು ಚೀಲಕ್ಕೆ. ಆ ಚೀಲಗಳನ್ನು ರೇಷ್ಮೆ ನೂಲು ತೆಗೆಯುವವರು ಒಲೆಗೆಂದು ಒಯ್ಯುತ್ತಾರೆ. ಒಂದು ಸಲ ಅವರ ಮನೆಯಲ್ಲಿ ಮದುವೆ ಬಂದು ಯಾರೂ ಬರಲಿಲ್ಲ. ಚೀಲದ ಮೇಲೆ ಚೀಲ ಬಿದ್ದು, ಲೇತಿನ ಹತ್ತಿರ ಹೋಗಲು ಕಾಲಿಡುವ ಜಾಗವಿರಲಿಲ್ಲ. ಮಿಷನ್ ಸರಿಯಾಗಿದೆ, ಕರೆಂಟ್ ಇದೆ, ಆಳು ಇದ್ದಾರೆ. ಕೆಲಸ ಮಾತ್ರ ನಿಂತಿದೆ!

ಡಾಕ್ಟರಮ್ಮ ತಲೆಯಾಡಿಸಿದರು. "ಅದೇ ಆಗಿರೋದು. ಹಳೇ ರಕ್ತಕಣಗಳನ್ನ ನುಂಗಿ ಮೈ ಗುಡಿಸೋ ಕೋಶಗಳಿವೆ. ನಿಮ್ಮ ಮೊಮ್ಮಗನಲ್ಲಿ ಅವು ನುಂಗ್ತವೆ. ಆದ್ರೆ ಅದರಲ್ಲಿರೋ ಒಂದು ಬಗೆ ಕೊಬ್ಬು ಕರಗಿಸೋ ರಸ ಇಲ್ಲ. ಚೀಲ ತುಂಬಿ ತುಂಬಿ ಕೋಶ ಊದ್ಕೊಳ್ಳುತ್ತೆ. ಅವೆಲ್ಲ ಹೊಟ್ಟೆ ಎಡಗಡೆ ಗುಲ್ಮ ಅಂತ ಒಂದು ಅಂಗ ಇದೆ, ಅದರಲ್ಲಿ ಸೇರ್ಕೊಂಡು ಹೊಟ್ಟೆ ಇಷ್ಟು ದೊಡ್ಡದಾಗಿದೆ."

ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು. "ಸಂಬಂಧದಲ್ಲಿ ಮದುವೆನಾ?"

ಸವಿತ ನನ್ನ ಸ್ವಂತ ಅಕ್ಕನ ಮಗಳು. ರವಿಗೆ ಸೋದರತ್ತೆ ಮಗಳು. ಈ ಮದುವೆ ಮಾಡಿಸಿದವನು ನಾನು. ಆಗ ರವಿ, "ಅಪ್ಪ, ಹತ್ತಿರದ ಸಂಬಂಧ ಬೇಡ ಅಂತ ಕಾಲೇಜಲ್ಲಿ ಹೇಳ್ತಾರೆ" ಅಂದಿದ್ದ. "ನಿಮ್ಮ ಕಾಲೇಜಿನೋರು ಹೆಣ್ಣು ಕೊಡ್ತಾರೇನೋ?" ಅಂತ ನಾನು ಕೇಳಿದ್ದೆ. ಮನೆಯೆಲ್ಲ ನಕ್ಕಿತ್ತು.

ಈಗ ರವಿ ಗೋಡೆ ನೋಡುತ್ತಾ ಕೂತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಮ್ಮ ಹೇಳಿದ್ದು ಇಷ್ಟು: ದೋಷ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಒಂದೇ ಕಡೆಯಿಂದ ಬಂದರೆ ಕಾಯಿಲೆ ಬರೋಲ್ಲ. ಎರಡೂ ಕಡೆಯಿಂದ ಬಂದು ಕೂಡಿದರೆ ಬರುತ್ತೆ. ನನಗೆ ತಕ್ಷಣ ತಿಳಿಯಿತು. ಒಂದೇ ದಿಮ್ಮಿ ಸೀಳಿದರೆ ಎರಡು ತುಂಡಿನಲ್ಲೂ ಬಿರುಕು ಒಂದೇ ಜಾಗದಲ್ಲಿರುತ್ತೆ. ಬೇರೆ ಮರದ ತುಂಡು ಜೋಡಿಸಿದರೆ ಅದು ಇದನ್ನು ಹಿಡಿದು ನಿಲ್ಲಿಸುತ್ತೆ. ಮರ ಕೊಳ್ಳುವಾಗ ಗಂಟು, ಬಿರುಕು, ಹುಳುಕು ಎಲ್ಲ ನೋಡುವ ನಾನು ಮಗನ ಮದುವೆಗೆ ಏನು ನೋಡಿದೆ? ಜಾತಕ!

ಔಷಧಿ ಇದೆಯಂತೆ. ಇಲ್ಲದ ಆ ರಸವನ್ನು ಡ್ರಿಪ್ಪಿನಲ್ಲಿ ರಕ್ತಕ್ಕೆ ಬಿಡುತ್ತಾರೆ. ಕೋಶ ಅದನ್ನೂ ಚೀಲ ಮಾಡಿಯೇ ಒಳಕ್ಕೆ ಎಳೆದುಕೊಳ್ಳುತ್ತೆ. ಬೆಲೆ ನಮ್ಮ ಕೈಗೆಟುಕುವುದಲ್ಲ, ಸರ್ಕಾರದ ನೆರವಿಗೆ ಅರ್ಜಿ ಹಾಕಿ ಕಾಯುತ್ತಿದ್ದೇವೆ.

ಎದ್ದು ಬರುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. "ಮನೇಲಿ ಮತ್ತೆ ಸಂಬಂಧದಲ್ಲೇ ಮದುವೆ ಮಾಡೋ ಹಾಗಿದ್ರೆ, ಮೊದಲು ಹುಡುಗ ಹುಡುಗಿ ಇಬ್ಬರದೂ ರಕ್ತ ಪರೀಕ್ಷೆ ಮಾಡಿಸಿ."

ಮಾಡುವ ಹಾಗಿತ್ತು. ನನ್ನ ಮಗಳು ಕವಿತಳನ್ನು ಅಕ್ಕನ ಕೊನೇ ಮಗ ಮಹೇಶನಿಗೆ ಕೊಡುವುದೆಂದು ಮೊದಲಿಂದಲೂ ಮಾತಿತ್ತು.

ಭಾನುವಾರ ಕೂಟಗಲ್ಲಿನಿಂದ ಅಕ್ಕ ಬಂದಳು. ಜೊತೆಗೆ ಭಾವ, ಊರಿನ ನಾಲ್ಕು ಜನ ಹಿರಿಯರು. ಹೂವು, ಹಣ್ಣು, ಕಾಯಿ. ಚಾಪೆ ಹಾಸುವ ಮೊದಲೇ ಅಕ್ಕ ಶುರು ಮಾಡಿದಳು.

"ಲೇ ತಮ್ಮ, ನಿನ್ ಮಗಂಗೆ ನಾನ್ ಹೆಣ್ ಕೊಟ್ಟೆ. ಈಗ ನನ್ ಮಗಂಗೆ ನೀನ್ ಕೊಡು. ಇಲ್ಲಾ ಅಂದ್ರೆ ಎತ್ತಾಕ್ಕೊಂಡ್ ಹೋಯ್ತೀನಿ ನೋಡು!"

ಎಲ್ಲರೂ ನಕ್ಕರು. ಆಗ ನಾನು ಅಕ್ಕನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಡಾಕ್ಟರಮ್ಮನ ಮಾತು ನಾಲಿಗೆಯ ತುದಿಯಲ್ಲಿತ್ತಲ್ಲ! ನಾಲ್ಕು ಜನರ ಮುಂದೆ ಮೇಷ್ಟರಾದೆ. ಕೋಶ, ಪೊರೆ, ಚೀಲ, ರಸ, ನಮ್ಮ ಕಾರ್ಖಾನೆಯ ಹೊಟ್ಟು, ಎಲ್ಲ ಹೇಳಿದೆ.

ಅಕ್ಕ ಕೇಳುವಷ್ಟು ಕೇಳಿ, "ಅಂದ್ರೆ, ಕೂಸಿನ ಮೈಯೊಳ್ಗೆ ಮರದ ಹೊಟ್ಟು ತುಂಬ್ಕಂಡೈತೆ ಅಂತೀಯೇನ್ಲಾ?" ಅಂದಳು. ಮತ್ತೆ ನಗು.

ನನಗೆ ಉರಿಯಿತು. "ನಗೋ ಮಾತಲ್ಲ ಕಣಕ್ಕ. ಆ ದೋಷ ಸವಿತನ ಕಡೆಯಿಂದ ಬಂದೈತೆ. ಮಹೇಶನಲ್ಲೂ ಇರಬೋದು. ರಕ್ತ ಪರೀಕ್ಷೆ ಮಾಡ್ಸು, ಆಮೇಲೆ ಹೆಣ್ಣಿನ ಮಾತು."

ಅಲ್ಲಿಗೆ ನಿಲ್ಲಿಸಿದೆ. ಪಾಠ ಅಲ್ಲಿಗೆ ಮುಗಿದಿರಲಿಲ್ಲ. ನಾನು ನಿಲ್ಲಿಸಿದೆ.

ಅಕ್ಕನ ಮುಖದಲ್ಲಿ ನಗು ಹೋಯಿತು. "ನನ್ ಮಗ ಏನ್ ಸಂತೇಲಿ ಕೊಳ್ಳೋ ಹೋರಿನೇನ್ಲಾ, ಹಲ್ ಹಿಡ್ದು ನೋಡಾಕೆ? ನನ್ ಹೊಟ್ಟೇಲ್ ಹುಟ್ಟಿದ್ದೆಲ್ಲಾ ಹುಳುಕಾ? ನೀನು ಯಾವ್ ಹೊಟ್ಟೇಲ್ ಹುಟ್ದೆ ಹೇಳ್ಲಾ ಹಂಗಾರೆ?"

ಉತ್ತರ ನನ್ನ ಹತ್ತಿರ ಇತ್ತು. "ನೀನು ಹುಟ್ಟಿದ ಹೊಟ್ಟೇಲೇ ಅಕ್ಕ, ಅದಕ್ಕೇ ದೋಷ ಅರ್ಧ ನನ್ನದೂ" ಅಂದಿದ್ದರೆ ಮುಗಿಯುತ್ತಿತ್ತು. ನಾಲ್ಕು ಜನ ನನ್ನ ಬಾಯಿ ನೋಡುತ್ತಿದ್ದರು. ನಾನು ಸೀಲಿಂಗ್ ಫ್ಯಾನ್ ನೋಡಿದೆ.

"ನಡೀರಿ" ಅಂದಳು ಅಕ್ಕ. ಭಾವ ಹೂವು ಹಣ್ಣಿನ ತಟ್ಟೆ ಅಲ್ಲೇ ಬಿಟ್ಟು ಎದ್ದರು. ಕಾಫಿ ಲೋಟ ಹಿಡಿದುಕೊಂಡು ಬಂದ ಸವಿತ ಬಾಗಿಲಲ್ಲಿ ನಿಂತೇ ಇದ್ದಳು. ಎಷ್ಟು ಹೊತ್ತಿನಿಂದಲೋ. ಲೋಟಗಳನ್ನು ನೆಲದ ಮೇಲಿಟ್ಟು, ಚಿನ್ನುವನ್ನು ಎತ್ತಿಕೊಂಡು ರೂಮಿಗೆ ಹೋದಳು.

ಕವಿತ ಮಾತ್ರ ನನ್ನ ಮುಂದೆ ಬಂದು ನಿಂತಳು. "ಅಪ್ಪ, ಅರ್ಧ ನಮ್ಮದೂ ಅಂತ ಅಣ್ಣ ಹೇಳ್ದ. ನೀವ್ಯಾಕೆ ಅತ್ತೆಗೆ ಹೇಳ್ಲಿಲ್ಲ?"

ಯಾಕೆ ಹೇಳಲಿಲ್ಲ? ಕಣ್ಣಿಗೆ ಕಾಣದ ಕೋಶಕ್ಕೂ ಒಳಗಿನ ಕಸವನ್ನು ಅಂಚಿಗೆ ತಂದು ಹೊರಹಾಕುವುದು ಗೊತ್ತು. ದುಡಿದು ಮೇಲೆ ಬಂದೆ ಅಂತ ಎದೆ ತಟ್ಟಿಕೊಳ್ಳುವ ಮನುಷ್ಯನಿಗೆ ಗೊತ್ತಿಲ್ಲ. ನನ್ನ ಮನೆ, ನನ್ನ ಮಿಷನ್ ಅಂತ ಹೇಳುವಾಗ ಬಾಯಿ ತಡವರಿಸುವುದಿಲ್ಲ. ನನ್ನ ದೋಷ ಅನ್ನುವಾಗ ಮಾತ್ರ ಯಾಕೆ?

ಅಕ್ಕನಿಗೆ ಓದಲು ಬರುವುದಿಲ್ಲ. ಪೇಪರ್ ಬಂದ ದಿನ ಭಾವ ಜಗಲಿಯಲ್ಲಿ ಕೂತು ನನ್ನ ಅಂಕಣ ಓದಿ ಹೇಳುತ್ತಾರೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳುತ್ತಾಳೆ. ಭಾವ, ಈ ಸಲ ಒಸಿ ಜೋರಾಗಿ ಓದಿ. ಅವತ್ತು ಬಂದಿದ್ದ ನಾಲ್ಕು ಜನಕ್ಕೂ ಕೇಳಲಿ.

ಅಕ್ಕ, ನೀನು ಹುಟ್ಟಿದ ಹೊಟ್ಟೆಯಲ್ಲೇ ನಾನೂ ಹುಟ್ಟಿದ್ದು. ಅರ್ಧ ನಿನ್ನ ಕಡೆಯದು, ಅರ್ಧ ನನ್ನ ಕಡೆಯದು. ಸವಿತನ ತಪ್ಪು ಏನೂ ಇಲ್ಲ. ರವಿ ಬೇಡ ಅಂದರೂ ಹಟ ಹಿಡಿದವನು ನಾನು. ಮೊನ್ನೆ ನಾನೂ ಕವಿತಳೂ ಹೋಗಿ ರಕ್ತ ಕೊಟ್ಟು ಬಂದೆವು. ಮಹೇಶನನ್ನು ಕಳಿಸುವುದು ಬಿಡುವುದು ನಿನಗೆ ಸೇರಿದ್ದು.

ಈಗ ನನಗಿರುವುದು: ಲೇತು ಮೂರು, ಮನೆ ಒಂದು, ಮಕ್ಕಳು ಇಬ್ಬರು, ಮಾತು ಬಿಟ್ಟ ಸೊಸೆ ಒಬ್ಬಳು, ಮೊಮ್ಮಗ ಒಬ್ಬ, ಫೋನ್ ಎತ್ತದ ಅಕ್ಕ ಒಬ್ಬಳು.